ವಸ್ತ್ರ ಹಾಕಿದ ಸೀಟು

ಅಂಡಮಾನಿಗೆ ಹೋದವರು ಟ್ಯಾಕ್ಸಿ ಬಿಟ್ಟು ಲೋಕಲ್ ಬಸ್ಸು ಹತ್ತುತ್ತಾರೆಂದರೆ ಅವರು ಬೀದರ ಜಿಲ್ಲೆಯವರೇ ಆಗಿರಬೇಕು ಎಂದು ನನ್ನ ಗಂಡ ಪ್ರಕಾಶ ಮೂರು ದಿನದಿಂದ ಗೊಣಗುತ್ತಿದ್ದ. ಗೊಣಗಲಿ, ನಾನೇನು ಅವನ ಮಾತು ಕೇಳಿ ಬೆಳೆದವಳಲ್ಲ. ಟ್ಯಾಕ್ಸಿಯವನು ತನಗೆ ಬೇಕಾದ ಊರು ತೋರಿಸುತ್ತಾನೆ. ಬಸ್ಸಿನಲ್ಲಾದರೆ ಊರೇ ಹತ್ತಿ ಬಂದು ನಮ್ಮ ಪಕ್ಕ ಕೂರುತ್ತದೆ. ಪೋರ್ಟ್ ಬ್ಲೇರಿನ ಸ್ಟ್ಯಾಂಡಿನಿಂದ ಹೊರಟರೆ ಮೀನಿನ ಬುಟ್ಟಿಯ ಹೆಂಗಸು ಬಂಗಾಳಿಯಲ್ಲಿ ಬೈಯುತ್ತಾಳೆ, ಡ್ರೈವರ್ ತಮಿಳಿನಲ್ಲಿ ಉತ್ತರ ಕೊಡುತ್ತಾನೆ, ಜಗಳ ಹಿಂದಿಯಲ್ಲಿ ಮುಗಿಯುತ್ತದೆ. ತಿರುವಿನಲ್ಲಿ ಸಮುದ್ರ ಒಮ್ಮೆಲೇ ಕಿಟಕಿಗೆ ಬಂದು ನಿಲ್ಲುತ್ತದೆ, ಬಸ್ಸಿನಲ್ಲಿ ಯಾರೂ ಅದರ ಕಡೆ ನೋಡುವುದಿಲ್ಲ. ಬೀದರಿನಲ್ಲಿ ನಾವು ಕೋಟೆಯ ಕಡೆ ಎಲ್ಲಿ ನೋಡುತ್ತೇವೆ, ಹಾಗೆಯೇ.

ನಾಲ್ಕನೆಯ ದಿನ ಸ್ಟ್ಯಾಂಡಿನಲ್ಲಿ ವಂಡೂರಿನ ಬೀಚಿಗೆ ಹೋಗುವ ಬಸ್ಸು ಹತ್ತಿದೆವು. ಮಧ್ಯಾಹ್ನ ಎರಡು ಗಂಟೆ ಇರಬಹುದು, ಹೇಳದೆ ಕೇಳದೆ ಮಳೆ. ಇಬ್ಬರು ಕೂರುವ ಸೀಟಿನಲ್ಲಿ ನಾನು ಕಿಟಕಿಗೆ ಕೂತೆ. ಪ್ರಕಾಶ ಬ್ಯಾಗನ್ನು ಮೇಲೆ ಇಡುತ್ತಿದ್ದ. ಆಗ ಹೊರಗಿನಿಂದ ಒಂದು ಒದ್ದೆ ಬಟ್ಟೆ ನನ್ನ ಕೆನ್ನೆಗೆ ತಾಗಿಕೊಂಡೇ ಒಳಗೆ ಬಂದು ಪಕ್ಕದ ಸೀಟಿನ ಮೇಲೆ ಬಿತ್ತು. ಕೆಂಪು ಗಮ್ಛಾ, ಹೆಗಲಿಗೆ ಹಾಕುವ ಟವೆಲ್. ಯಾರೋ ಸೀಟು ಹಿಡಿದಿದ್ದರು. ಬೆವರು, ಮಳೆನೀರು, ಹೊಗೆಸೊಪ್ಪು ಎಲ್ಲ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಇಷ್ಟು ನೀರು ದಾಟಿ ಬಂದರೂ ಈ ರಿವಾಜು ಇಲ್ಲೂ ಎದುರಾಗುತ್ತದೆಂದು ನಾನು ಎಣಿಸಿರಲಿಲ್ಲ.

"ಯಾರ್ದೋ ಬಿತ್ತು ನೋಡು," ಎಂದು ಪ್ರಕಾಶ ಅದನ್ನು ತೆಗೆದು ಕಂಬಿಗೆ ಹಾಕಲು ಕೈ ಚಾಚಿದ. ನಾನು ಅವನ ಮಣಿಕಟ್ಟು ಹಿಡಿದೆ. ಉಗುರು ನಟ್ಟಿರಬೇಕು.

"ಅಯ್ಯ! ಏನಾಯ್ತ ನಿನಗ?"

"ಮುಟ್ಟಬ್ಯಾಡ. ನಿಂತ್ಕೊ ಸುಮ್ಕ."

ಅವನು ನಿಂತ, ನನ್ನ ಮುಖ ನೋಡುತ್ತ. ಮದುವೆಯಾಗಿ ವರ್ಷವಾಗಿತ್ತು. ಠಾಣಾ ಕುಶನೂರಿನ ಆ ಮಳೆಗಾಲದ ವಿಷಯ ನಾನು ಅವನಿಗೆ ಹೇಳಿರಲಿಲ್ಲ.

ಅದು ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾದ ಮೊದಲ ಮಳೆಗಾಲ. ನನಗೆ ಹೊಸ ನೌಕರಿ. ಔರಾದ ಕಡೆಯ ಠಾಣಾ ಕುಶನೂರಿನ ಸರಕಾರಿ ದವಾಖಾನೆಯಲ್ಲಿ ಔಷಧಿ ಕೊಡುವ ಕಿಟಕಿ ನನ್ನದು. ಮನೆ ಭಾಲ್ಕಿಯಲ್ಲಿ, ನಾನು ಮತ್ತು ನನ್ನ ಅವ್ವ ಇಬ್ಬರೇ. ಬೆಳಿಗ್ಗೆ ಭಾಲ್ಕಿಯಿಂದ ಔರಾದಕ್ಕೆ ಹೋಗುವ ಬಸ್ಸು, ಸಂಜೆ ಅದೇ ಬಸ್ಸು ವಾಪಸು. ಆ ಕಡೆ ರೈಲಿಲ್ಲ. ಸಂಜೆ ಐದೂವರೆಯ ಬಸ್ಸು ತಪ್ಪಿತೆಂದರೆ ಮತ್ತೆ ಮರುದಿನವೇ.

ಬಸ್ಸು ಪುಕ್ಕಟೆಯಾದದ್ದೇ ತಡ, ಇಷ್ಟು ವರ್ಷ ಹೊಸ್ತಿಲು ದಾಟದ ಅತ್ತೆಯರು, ಅಜ್ಜಿಯರು ಆಧಾರ್ ಕಾರ್ಡು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಿದ್ದರು. ನನಗೇನು, ಖುಷಿಯೇ. ಆದರೆ ಸೀಟು ಎಲ್ಲಿಂದ ತರುವುದು? ಅದರ ಮೇಲೆ ನಮ್ಮ ಗಂಡಸರ ರಿವಾಜು ಬೇರೆ. ಬಸ್ಸು ಸ್ಟ್ಯಾಂಡಿಗೆ ತಿರುಗುವಷ್ಟರಲ್ಲಿ ಕಿಟಕಿಗಳಿಂದ ಒಳಗೆ ವಸ್ತ್ರಗಳು ಹಾರುತ್ತವೆ. ವಸ್ತ್ರವೆಂದರೆ ಹೆಗಲ ಮೇಲಿನ ಟವೆಲ್. ಅದು ಬಿದ್ದ ಸೀಟು ಅವನದಾಯಿತು. ಅವನು ಚಹಾ ಕುಡಿಯಲಿ, ಬೀಡಿ ಸೇದಲಿ, ಭಾವನ ಜೊತೆ ಜಗಳ ಮುಗಿಸಿ ಬರಲಿ, ಯಾರೂ ಅಲ್ಲಿ ಕೂರುವುದಿಲ್ಲ. ಕಂಡಕ್ಟರ್ ರೈಟ್ ಅನ್ನುವ ಮೊದಲು ಕೂಗಿ ಕೇಳುತ್ತಾನೆ, ಒಂದು ವಸ್ತ್ರದ ಮಾಲೀಕ ಬರದಿದ್ದರೂ ಬಸ್ಸು ನಿಲ್ಲುತ್ತದೆ. ವಸ್ತ್ರ ಒಳಗಿದ್ದರೆ ಮನುಷ್ಯ ಒಳಗಿದ್ದ ಹಾಗೆ. ಇಡೀ ತಾಲೂಕಿಗೆ ಇದು ಮಾತಿಲ್ಲದ ಕಾಯಿದೆ. ನನಗೆ ಮಾತ್ರ ಅದನ್ನು ಕಂಡರೆ ಮೈಯೆಲ್ಲ ಉರಿ. ಕಾಲು ನೋಯುವವಳು ನಿಂತಿರಬೇಕು, ಒಂದು ಗೇಣು ಬಟ್ಟೆ ಕೂತಿರಬೇಕು, ಇದು ಯಾವ ಊರಿನ ನ್ಯಾಯ?

ಶ್ರಾವಣ ಹಿಡಿದ ವಾರ. ಮೂರು ದಿನದಿಂದ ಬಿಡದ ಮಳೆ, ಸೋಯಾ ಹೊಲಗಳಲ್ಲಿ ಮೊಣಕಾಲಿಗೆ ನೀರು. ದವಾಖಾನೆಯಲ್ಲಿ ಜ್ವರದವರ ಸಾಲು ಮುಗಿಯಲಿಲ್ಲ, ಬೆಳಿಗ್ಗೆಯಿಂದ ನಿಂತೇ ಇದ್ದೆ. ಐದೂವರೆಯ ಬಸ್ಸಿಗೆ ನೂಕಿಕೊಂಡು ಹತ್ತಿದಾಗ ಎಡಗಡೆಯ ಮೂರನೇ ಸೀಟಿನ ಕಿಟಕಿ ಜಾಗ ಖಾಲಿ ಇತ್ತು. ಅಲ್ಲಿ ಒಂದು ವಸ್ತ್ರ. ಬಿಳಿ ಬಟ್ಟೆ, ಹಸಿರಂಚು, ಒಂದು ಮೂಲೆಯಲ್ಲಿ ಗಂಟು. ಕುರಿಯ ಉಣ್ಣೆ ನೆಂದ ವಾಸನೆ. ನಾನು ಆಚೆ ಈಚೆ ನೋಡಲಿಲ್ಲ. ಅದರ ಮೇಲೆಯೇ ಕೂತುಬಿಟ್ಟೆ. ದುಪಟ್ಟಾ ಹರಡಿಕೊಂಡೆ, ವಸ್ತ್ರ ಕಾಣದಂತಾಯಿತು.

ಕಂಡಕ್ಟರ್ ಬಾಬುಮಿಯಾ ಫುಟ್‌ಬೋರ್ಡಿನಿಂದ ಕೂಗಿದ. "ವಸ್ತ್ರ ಹಾಕ್ದವ್ರು ಎಲ್ಲಾರೂ ಬಂದ್ರೇನ್ರಿ? ಯಾರ್ದಾರ ಉಳಿದದ ಏನ್ರಿ?"

ನಾನು ಬಾಯಿ ಬಿಡಲಿಲ್ಲ. ಎರಡನೇ ಸಲವೂ ಕೇಳಿದ. ನಾನು ಕಿಟಕಿಯ ಹೊರಗೆ ನೋಡಿದೆ.

"ರೈಟ್!"

ಬಸ್ಸು ಕದಲಿದ ಮೇಲೆ ಚಹಾದಂಗಡಿಯ ತಗಡಿನ ಕೆಳಗಿನಿಂದ ಒಬ್ಬ ಮನುಷ್ಯ ಹೊರಗೆ ಬಂದ. ಹೆಗಲಿಗೆ ಕಂಬಳಿ, ಕೈಯಲ್ಲಿ ಔಷಧಿ ಬಾಟಲಿಗಳ ಕಟ್ಟು. ಅವನು ಓಡಲಿಲ್ಲ, ಕೂಗಲಿಲ್ಲ. ಒಂದು ಕೈ ಮೇಲೆತ್ತಿ ನಿಂತ. ತನ್ನ ವಸ್ತ್ರ ಒಳಗಿದೆ, ಬಸ್ಸು ನಿಂತೇ ನಿಲ್ಲುತ್ತದೆ ಎಂಬ ಭರವಸೆಯಲ್ಲಿ ನಿಂತ ಹಾಗಿತ್ತು. ನಾವು ತಿರುವು ದಾಟುವವರೆಗೂ ಆ ಕೈ ಇಳಿಯಲಿಲ್ಲ. ನಾನು ಹಾಳಾದವಳು, ನೋಡುತ್ತ ಕೂತಿದ್ದೆ.

ಮುಂದೆ ಹಳ್ಳದ ಸೇತುವೆ ಸಿಗುತ್ತದೆ, ನಡೆದರೆ ಒಂದು ತಾಸಿನ ದಾರಿ. ನಾವು ದಾಟುವಾಗ ನೀರು ಸೇತುವೆಗಿಂತ ಒಂದು ಮೊಳ ಕೆಳಗಿತ್ತು. ಮನೆಗೆ ಬಂದು ನೋಡಿದರೆ ಆ ವಸ್ತ್ರ ನನ್ನ ದುಪಟ್ಟಾದ ಜೊತೆ ಸುತ್ತಿಕೊಂಡು ಬಂದಿತ್ತು. ನಾಳೆ ಬಾಬುಮಿಯಾನಿಗೆ ಕೊಟ್ಟರಾಯಿತು ಎಂದುಕೊಂಡು ನಾನು ದಿನಾ ಒಯ್ಯುವ ಬಟ್ಟೆಯ ಚೀಲದಲ್ಲಿ ತುರುಕಿದೆ.

ಮರುದಿನ ಬೆಳಿಗ್ಗೆ ಬಸ್ಸು ಹಳ್ಳದ ಈಚೆಯೇ ನಿಂತಿತು. ಸೇತುವೆಯ ಮೇಲೆ ನೀರು ಹೋಗಿತ್ತಂತೆ. ಎರಡು ದಿನ ಬಿಟ್ಟು ದಾರಿ ತೆರೆದಾಗ ಬಾಬುಮಿಯಾ ಟಿಕೆಟು ಕೊಡುತ್ತ ಹೇಳಿದ, "ಕುರಿಯವ್ನು ಒಬ್ಬವ ಹೋದನ್ರಿ ಮೇಡಂ. ಚಿಂತಾಕಿ ಊರಿನ ಮಾಳಪ್ಪ. ಅವತ್ತ ಸಂಜಿಕ ನಡಕೊಂಡು ಬಂದಾನ, ನೀರು ಮ್ಯಾಲ ಹರಿಯಾಕತ್ತಿತ್ತು, ಆಚಿ ಕಡಿ ಹೆಂತಿ, ಕುರಿ ಎಲ್ಲಾ ಇದ್ರು. ಬೀಮಾರ್ ಮರಿಗೋಳಿಗಿ ಔಷಧಿ ಒಯ್ಯಾಕತ್ತಿದ್ದ. ಇಳದಾನ. ಕಂಬಳಿ ಸಿಕ್ಕದ, ಬಾಟಲಿ ಜಾಲಿಗಿಡಕ್ಕ ಸಿಗೆಬಿದ್ದಾವ. ಮನ್ಷ್ಯಾ ಸಿಕ್ಕಿಲ್ಲ. ಮಾಂಜ್ರಾ ಹೊಳಿಗಿ ಹೋಗ್ಯಾನ ಅಂತಾರ."

ಚೀಲ ನನ್ನ ತೊಡೆಯ ಮೇಲಿತ್ತು. ಅದರೊಳಗೆ ಆ ವಸ್ತ್ರ. ಆಗಲೇ ಹೇಳಬೇಕಿತ್ತು. ನನ್ನ ನಾಲಿಗೆ ಊರಲ್ಲೆಲ್ಲ ಓಡಾಡುವ ನಾಲಿಗೆ, ಅವತ್ತು ಮಾತ್ರ ಅಂಗುಳಕ್ಕೆ ಅಂಟಿಕೊಂಡಿತು.

ಅದಾದ ನಾಲ್ಕನೆಯ ಬೆಳಿಗ್ಗೆ ಹಳ್ಳದ ಸ್ಟಾಪಿನಲ್ಲಿ ಒಬ್ಬಳು ಬಸ್ಸು ಹತ್ತಿದಳು. ಕಡ್ಡಿಯಂಥ ಹೆಂಗಸು, ಕೈತುಂಬ ಹಸಿರು ಬಳೆ, ತಲೆಯ ಮೇಲೆ ಸೆರಗು. ಮಾಳಪ್ಪನ ಹೆಂಡತಿ ಕಾಶಮ್ಮ. ಕೂರಲಿಲ್ಲ. ಮುಂದಿನಿಂದ ಹಿಂದಿನವರೆಗೆ ಪ್ರತಿ ಸೀಟು ಬಗ್ಗಿ ನೋಡುತ್ತ ಬಂದಳು. "ಹಸರ ಅಂಚಿನ ವಸ್ತ್ರ ಅದ ಏನ್ರೀ ಇಲ್ಲಿ? ಮೂಲ್ಯಾಗ ಗಂಟದ, ಗಂಟಿನ್ಯಾಗ ದೇವರ ಅರಿಷಿಣ ಭಂಡಾರ ಅದ."

ಜನ ಇಲ್ಲವೆಂದು ತಲೆಯಾಡಿಸಿದರು. ಒಬ್ಬ ಮುದುಕ, "ತಂಗಿ, ಅಂವ ನೀರಾಗ ಹೋದ. ಬಸ್ಸಿನ್ಯಾಗ ಏನ್ ಹುಡುಕ್ತಿ?" ಎಂದ.

"ಕಂಬಳಿ ಸಿಕ್ತು, ಬಾಟಲಿ ಸಿಕ್ತು, ವಸ್ತ್ರ ಸಿಕ್ಕಿಲ್ರಿ. ಚಹಾದಂಗಡಿಯವ್ರು ಹೇಳ್ಯಾರ, ಅಂವ ಕಿಟಕ್ಯಾಗಿಂದ ವಸ್ತ್ರ ಒಗದಿದ್ದು ನೋಡ್ಯಾರ. ವಸ್ತ್ರ ಒಳಗದ ಅಂದ್ರ ಮನ್ಷ್ಯಾ ಬರ್ತಾನಲ್ರಿ. ಎಲ್ಲೋ ಸೀಟು ಹಿಡಿದಾನ." ಅವಳು ಅಳಲಿಲ್ಲ. ಸಂತೆಗೆ ಹೋದ ಗಂಡ ತಡಮಾಡಿದ್ದಾನೆ ಎಂದು ಹೇಳುವಷ್ಟೇ ಸಮಾಧಾನದಲ್ಲಿ ಹೇಳಿದಳು.

ನಂತರ ನನ್ನ ಹತ್ತಿರ ಬಂದು ನಿಂತು ಕೇಳಿದಳು, "ಇಲ್ಲಿ ಕೂಡ್ಲೇನವ್ವ?" ನಾನು ಸರಿದೆ. ಕೂತಳು. ಅವಳ ಮೈಯಿಂದ ಬರುತ್ತಿದ್ದ ಉಣ್ಣೆಯ ವಾಸನೆಯೂ ನನ್ನ ಚೀಲದ ವಾಸನೆಯೂ ಒಂದೇ ಆಗಿತ್ತು.

ಅವತ್ತಿನಿಂದ ದಿನಾ. ಕುರಿಗಳನ್ನು ಮೈದುನ ನೋಡಿಕೊಳ್ಳುತ್ತಿದ್ದ, ಇವಳು ಬಸ್ಸು ಹತ್ತುತ್ತಿದ್ದಳು. ಹೆಂಗಸರಿಗೆ ಪುಕ್ಕಟೆಯಲ್ಲವೇ, ಯಾರು ತಡೆಯುತ್ತಾರೆ? ಔರಾದಕ್ಕೆ ಹೋಗಿ ಸ್ಟ್ಯಾಂಡಿನಲ್ಲಿ ನಿಂತ ಬಸ್ಸುಗಳನ್ನೆಲ್ಲ ಒಂದೊಂದೇ ಬಗ್ಗಿ ನೋಡುವಳು. ಸಂಜೆ ನನ್ನ ಬಸ್ಸಿಗೇ ಬಂದು, ಎಷ್ಟೇ ಗದ್ದಲವಿರಲಿ, ನನ್ನ ಪಕ್ಕವೇ ಕೂರುವಳು ಇಲ್ಲವೇ ನಿಲ್ಲುವಳು, ಹಳ್ಳದ ಸ್ಟಾಪಿನಲ್ಲಿ ಇಳಿಯುವಳು. ಒಂದು ದಿನ ಔಷಧಿ ತರಲು ನಾನು ಬೀದರಿಗೆ ಹೋಗಿದ್ದೆ. ಹಬ್ಬದ ಮುಂಚಿನ ದಿನ, ಬೀದರ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿಲ್ಲ. ಆ ಜಾತ್ರೆಯಂಥ ಮಂದಿಯ ನಡುವೆ ಅವಳು ನೆಟ್ಟಗೆ ನನ್ನ ಕಡೆಗೇ ನಡೆದು ಬಂದಳು. "ಬಂದೇನವ್ವ," ಎಂದು ಪಕ್ಕದಲ್ಲಿ ನಿಂತಳು. ನಾನು ಚೀಲ ಎದೆಗೆ ಅವಚಿಕೊಂಡೆ. ಇವಳಿಗೆ ನಾನು ಇಲ್ಲಿರುವುದು ಹೇಳಿದವರು ಯಾರು?

ಎಡಗಡೆಯ ಮೂರನೇ ಸೀಟಿನ ಕಿಟಕಿ ಜಾಗದಲ್ಲಿ ಆಮೇಲೆ ಯಾರೂ ಕೂರಲಿಲ್ಲ. ಯಾರು ಮೊದಲು ಎದ್ದರೋ ತಿಳಿಯದು. ಹತ್ತಿದವರು ಅಲ್ಲಿ ನೋಡಿ ಮುಂದೆ ಹೋಗುತ್ತಿದ್ದರು. ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದರೂ ಆ ಒಂದು ಜಾಗ ಖಾಲಿ. ಮಳೆಯಿಲ್ಲದ ದಿನವೂ ಅದರ ರೆಕ್ಸಿನ್ ಒದ್ದೆ ಇರುತ್ತಿತ್ತು. ಕಿಟಕಿ ಸೋರುತ್ತದೆ ಎಂದು ಡ್ರೈವರ್ ರಬ್ಬರ್ ಹಾಕಿಸಿದ. ಆದರೂ ಒಣಗಲಿಲ್ಲ.

ಒಂದು ಸಂಜೆ ಬಾಬುಮಿಯಾ ನನ್ನ ಕಿವಿಯ ಹತ್ತಿರ ಬಗ್ಗಿದ. ಐವತ್ತು ದಾಟಿದ ಮನುಷ್ಯ, ನಗಿಸುವ ಲತೀಫೆ ಹೇಳುತ್ತ ಟಿಕೆಟು ಹರಿಯುವವನು, ಅವತ್ತು ಅವನ ಮುಖದಲ್ಲಿ ನಗು ಇರಲಿಲ್ಲ. "ಮೇಡಂ, ನೀವು ಓದಿದವ್ರು ಅದೀರಿ, ಅದಕ್ಕ ಕೇಳ್ತೇನಿ. ಕುಶನೂರ್ದಾಗ ತಲಿ ಎಣಿಸಿದ್ರ ಒಂದು ಹೆಚ್ಚ ಬರ್ತದ್ರಿ. ಮಶೀನ್ದಾಗ ಟಿಕೆಟು ಒಂದು ಕಮ್ಮಿ. ಎರಡೆರಡು ಸಲ ಎಣಿಸ್ತೇನಿ. ಹಳ್ಳ ದಾಟಿದ ಮ್ಯಾಲ ಎಣಿಸಿದ್ರ ಬರಾಬರ್ ಬರ್ತದ."

"ಹಳ್ಳದ ಸ್ಟಾಪಿಗಿ ಕಾಶಮ್ಮ ಇಳೀತಾಳಲ್ರಿ."

"ಆಕಿನ್ನ ಹಿಡದೇ ಹೇಳಾಕತ್ತೇನಿ." ಅವನು ಕೊರಳಿನ ತಾವೀಜು ಮುಟ್ಟಿಕೊಂಡ. "ಇಳಿಯೋದು ಇಬ್ರು ಅಂತ ಕಾಣ್ತದ್ರಿ."

ಔಷಧಿ ಓದಿದವಳು ನಾನು, ದೆವ್ವ ಭೂತ ನಂಬುವ ಪೈಕಿ ಅಲ್ಲ. ಆದರೂ ಅವತ್ತು ಮನೆಗೆ ಹೋಗುವವರೆಗೆ ಆ ಮೂರನೇ ಸೀಟಿನ ಕಡೆ ತಿರುಗಲಿಲ್ಲ.

ಮನೆಯಲ್ಲಿ ಅವ್ವನ ಕಣ್ಣು ಬೇರೆ. ದಿನಾ ಸಂಜೆ ದೀಪ ಹಚ್ಚಿ ಬುದ್ಧನ ಪಟದ ಮುಂದೆ ಇಬ್ಬರೂ ಪಂಚಶೀಲ ಹೇಳುವುದು ನಾನು ಚಿಕ್ಕವಳಿದ್ದಾಗಿನಿಂದ ನಡೆದ ರೂಢಿ. ಒಂದು ದಿನ ಅವ್ವ ಮುಗಿದ ಮೇಲೂ ಏಳಲಿಲ್ಲ. "ಸುಜಾತಾ, ಎರಡನೇದ್ದಕ್ಕ ಬಂದಾಗ ನಿನ್ನ ದನಿ ಯಾಕ ಸಣ್ಣ ಆಗ್ತದ?"

ಎರಡನೆಯದು, ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಿಲ್ಲ ಎಂಬ ಮಾತು. "ಹಂಗೇನಿಲ್ಲ," ಎಂದೆ.

"ನಿನ್ನ ಚೀಲ ತೊಳೀಲಾಕ ಕೊಡು ಅಂದ್ರ ಕೊಡವಲ್ಲಿ. ತೆಳಗೆಲ್ಲ ಹಳದಿ ಆಗ್ಯದ. ವಾಸನಿ ಬರ್ತದ. ಏನದ ಅದರಾಗ?"

ಅವತ್ತು ಅವ್ವನ ತೊಡೆಯ ಮೇಲೆ ಬಿದ್ದು ಎಲ್ಲ ಹೇಳಿದೆ. ಬಿಕ್ಕಿ ಬಿಕ್ಕಿ ಅತ್ತೆ. ನಾನೇ ಕೊಂದೆನೇನವ್ವ ಎಂದು ಕೇಳಿದೆ. ಅವ್ವ ನನ್ನ ತಲೆ ಸವರಿದಳೇ ಹೊರತು ಇಲ್ಲ ಅನ್ನಲಿಲ್ಲ. "ಹಳ್ಳದಾಗ ಇಳದಂವ ಅಂವ. ಬಾಯಿ ಮುಚ್ಚಿ ಕುಂತಾಕಿ ನೀನು. ಆ ಹೆಣ್ಣಮಗಳಿಗಿ ಹೋಗಿ ಹೇಳು," ಎಂದಳು. "ಅಲ್ಲೀತನಕ ನಿನಗ ನಿದ್ದಿ ಇಲ್ಲ, ಆಕಿಗಿ ದಿನ ಇಲ್ಲ."

ಆಕೆಗೆ ದಿನ ಇಲ್ಲ ಎಂದದ್ದು ನಿಜವೇ ಆಗಿತ್ತು. ಮೈದುನ ಅಣ್ಣನ ದಿನಕರ್ಮ ಮಾಡಿ ಮುಗಿಸೋಣ ಅನ್ನುತ್ತಿದ್ದ, ಕಾಶಮ್ಮ ಒಪ್ಪುತ್ತಿರಲಿಲ್ಲ. ಮಳೆ ಹಿಂದೆ ಸರಿಯುತ್ತಿತ್ತು, ಹುಲ್ಲು ತೀರುತ್ತಿತ್ತು, ಜೊತೆಯ ಕುರಿಯವರೆಲ್ಲ ಹಿಂಡು ಹೊಡೆದುಕೊಂಡು ಬೇರೆ ಸೀಮೆಗೆ ಹೊರಟಿದ್ದರು. ಇವಳ ಹಿಂಡು ಮಾತ್ರ ಹಳ್ಳದ ದಂಡೆಯಲ್ಲೇ, ಒಂದೊಂದೇ ಮರಿ ಸಾಯುತ್ತಿದ್ದವು. "ನಾ ಹ್ಯಾಂಗ ಹೋಗಲವ್ವ?" ಎಂದು ಒಮ್ಮೆ ನನ್ನನ್ನೇ ಕೇಳಿದಳು. "ಅಂವ ಇಳಿಯೋ ಸ್ಟಾಪು ಇದೇ ಅಲ್ಲೇನು?"

ಹೇಳು ಎಂದಳು ಅವ್ವ. ಹೇಳುವುದು ಅಷ್ಟು ಸುಲಭವೇ? ನಾನು ಹೇಡಿ, ಒಂದು ಉಪಾಯ ಹೂಡಿದೆ. ವಸ್ತ್ರವನ್ನು ಸುಮ್ಮನೆ ಆ ಸೀಟಿನ ಮೇಲೆ ಇಟ್ಟುಬಿಡುವುದು. ಅವಳ ಕಣ್ಣಿಗೆ ಬೀಳುತ್ತದೆ, ಬಸ್ಸಿನಲ್ಲೇ ಎಲ್ಲೋ ಉಳಿದಿತ್ತು ಎಂದುಕೊಳ್ಳುತ್ತಾಳೆ, ತೆಗೆದುಕೊಂಡು ಹೋಗುತ್ತಾಳೆ, ದಿನಕರ್ಮ ಆಗುತ್ತದೆ. ನನ್ನ ಹೆಸರು ಎಲ್ಲೂ ಬರುವುದಿಲ್ಲ. ಎಷ್ಟು ಚೆನ್ನಾಗಿ ಲೆಕ್ಕ ಹಾಕಿದ್ದೆ ನೋಡಿ.

ಸೋಯಾ ರಾಶಿ ಶುರುವಾದ ದಿನಗಳು. ಮೋಡ ಕವಿದ ಒಂದು ಸಂಜೆ, ಕುಶನೂರಿನ ಸ್ಟ್ಯಾಂಡಿಗೆ ಐದೂವರೆಯ ಬಸ್ಸು ತಿರುಗಿದಾಗ ನಾನು ಮಂದಿಯ ಹಿಂದಿನಿಂದ ಹೋಗಿ, ಎಡಗಡೆಯ ಮೂರನೇ ಕಿಟಕಿಯಿಂದ ಆ ಹಸಿರಂಚಿನ ವಸ್ತ್ರವನ್ನು ಒಳಗೆ ಒಗೆದೆ. ಆಮೇಲೆ ಹಿಂದಿನ ಬಾಗಿಲಿನಿಂದ ಹತ್ತಿ ಏನೂ ತಿಳಿಯದವಳಂತೆ ನಿಂತೆ.

ಔರಾದದಿಂದ ಅದೇ ಬಸ್ಸಿನಲ್ಲಿ ಬಂದಿದ್ದ ಕಾಶಮ್ಮ ಎದ್ದು ನಿಂತಳು. ವಸ್ತ್ರ ನೋಡಿದಳು. ಮುಟ್ಟಲಿಲ್ಲ. ಸೆರಗು ತಲೆಯ ಮೇಲೆ ಸರಿಮಾಡಿಕೊಂಡು ಆ ಸೀಟಿನ ಇನ್ನೊಂದು ಜಾಗದಲ್ಲಿ, ವಸ್ತ್ರದ ಪಕ್ಕ, ಮೈ ಒತ್ತಿಕೊಂಡು ಕೂತಳು. ಬಸ್ಸು ತುಂಬಿತು. ಬಾಬುಮಿಯಾ ಎಂದಿನಂತೆ ಕೂಗಿದ, "ವಸ್ತ್ರ ಹಾಕ್ದವ್ರು ಎಲ್ಲಾರೂ ಬಂದ್ರೇನ್ರಿ?"

"ಇಲ್ರಿ," ಎಂದಳು ಕಾಶಮ್ಮ. ದನಿ ಸ್ಪಷ್ಟವಿತ್ತು. "ನಮ್ಮವ್ರು ಬರೋದದ. ವಸ್ತ್ರ ಒಳಗದ. ಜರಾ ನಿಂದರಸ್ರಿ."

ಬಾಬುಮಿಯಾ ಬಂದು ನೋಡಿದ. ಹಸಿರಂಚು, ಗಂಟು. ಅವನ ತುಟಿ ಅಲುಗಿದವು. ಅವನು ರೈಟ್ ಅನ್ನಲಿಲ್ಲ. ಕಾಯಿದೆ ಕಾಯಿದೆಯೇ. ಡ್ರೈವರ್ ಇಂಜಿನ್ ಆರಿಸಿದ.

ಬಸ್ಸು ನಿಂತಿತು. ಅರವತ್ತು ಎಪ್ಪತ್ತು ಜನ, ಒಬ್ಬರೂ ತಡವಾಯಿತು ಅನ್ನಲಿಲ್ಲ. ಸೋಯಾ ಚೀಲದ ಮೇಲೆ ಕೂತವರು, ಮಗುವಿಗೆ ಹಾಲುಣಿಸುವವಳು, ಎಲ್ಲರೂ ತೆರೆದ ಬಾಗಿಲಿನ ಕಡೆಯೇ ನೋಡುತ್ತಿದ್ದರು. ಒಂದು ಮಗು ಅಳಲು ಶುರು ಮಾಡಿ ತಾನಾಗಿ ಸುಮ್ಮನಾಯಿತು. ಹೊರಗೆ ಸ್ಟ್ಯಾಂಡು ಬರಿದಾಗಿತ್ತು. ಚಹಾದಂಗಡಿಯ ತಗಡಿನಿಂದ ಹನಿ ಬೀಳುತ್ತಿತ್ತು. ಅವನು ನಿಂತಿದ್ದ ಜಾಗ ನನಗೆ ಹಿಂದಿನ ಗಾಜಿನಿಂದ ಕಾಣುತ್ತಿತ್ತು. ಅಲ್ಲಿಂದ ಯಾರೋ ಕೈ ಇಳಿಸಿ ಈ ಕಡೆ ನಡೆದು ಬರಲು ಎಷ್ಟು ಹೊತ್ತು ಬೇಕು ಎಂದು ನನ್ನ ತಲೆ ಹುಚ್ಚುಹುಚ್ಚಾಗಿ ಅಳೆಯತೊಡಗಿತು. ಬಂದೇ ಬರುತ್ತಾನೆ ಅನ್ನಿಸಿತು. ಬಂದರೆ? ಬಂದು ನನ್ನ ಮುಖ ನೋಡಿದರೆ?

ತಡೆಯಲಾಗಲಿಲ್ಲ. "ಅವ್ರು ಬರಂಗಿಲ್ಲ!" ಎಂದು ಕಿರುಚಿದೆ. ಮಂದಿಯನ್ನು ತಳ್ಳಿಕೊಂಡು ಹೋಗಿ ಕಾಶಮ್ಮನ ಕಾಲ ಹತ್ತಿರ ಕೂತೆ. "ವಸ್ತ್ರ ನಾನೇ ಒಗದೀನಿ. ಅವತ್ತ ಇದರ ಮ್ಯಾಲ ಕುಂತಿದ್ದೆ. ಬಾಬುಮಿಯಾ ಎರಡು ಸಲ ಕೇಳಿದ್ರು, ನಾ ಬಾಯಿ ಬಿಡಲಿಲ್ಲ. ಅವ್ರು ಕೈ ಎತ್ತಿ ನಿಂತಿದ್ರು, ನಾ ನೋಡಿದೆ. ನನ್ನ ಬಡಿ ಕಾಶಮ್ಮ, ಏನರ ಮಾಡು."

ಕಾಶಮ್ಮ ನನ್ನ ಕಡೆ ನೋಡಿದಳು. ಆಶ್ಚರ್ಯವೂ ಇಲ್ಲ, ಸಿಟ್ಟೂ ಇಲ್ಲ.

"ಗೊತ್ತದವ್ವ," ಎಂದಳು.

"ಗೊತ್ತದ?"

"ಮೊದಲನೇ ದಿನನೇ. ನಿನ್ನ ಚೀಲಕ್ಕ ಭಂಡಾರದ ಹಳದಿ ಕಲಿ ಆಗಿತ್ತು. ನಮ್ಮ ಕುರಿ ವಾಸನಿ ನನಗ ಗುರ್ತು ಸಿಗಲ್ಲೇನು? ಅದಕ್ಕೇ ನಿನ್ನ ಬಾಜೂಕ ಕೂಡ್ತಿದ್ದೆ. ಬೀದರ್ದಾಗನೂ ಆ ವಾಸನಿ ಹಿಡದೇ ಬಂದೆ."

"ಮತ್ತ ಯಾಕ ಕೇಳಲಿಲ್ಲ?"

ಅವಳು ಹಸಿರಂಚಿನ ಮೇಲೆ ಬೆರಳು ಆಡಿಸಿದಳು. "ಕೇಳಿದ್ರ ನೀ ಕೊಟ್ಟುಬಿಡ್ತಿದ್ದಿ. ಕೊಟ್ರ ಅಂವ ಸತ್ತಂಗಲ್ಲೇನವ್ವ? ವಸ್ತ್ರ ನಿನ್ನ ಹಂತ್ಯಾಕ ಇರೋತನಕ ಅಂವಂದೊಂದು ಸೀಟಿತ್ತು."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹಿಂದೆ ಯಾರೋ ಹೆಂಗಸು ಜೋರಾಗಿ ಅಳತೊಡಗಿದಳು. ಕಾಶಮ್ಮ ಒಂದು ಸಲ ಬಾಗಿಲಿನ ಕಡೆ ನೋಡಿದಳು. ಆಮೇಲೆ ಕಂಡಕ್ಟರನಿಗೆ, "ಬಿಡ್ರಿ ಬಾಬುಮಿಯಾ, ಸಾಕು," ಎಂದಳು.

ಹಳ್ಳದವರೆಗೂ ಅವಳು ವಸ್ತ್ರದ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಸ್ಟಾಪು ಬಂದಾಗ ಎದ್ದು, ವಸ್ತ್ರ ಝಾಡಿಸಿ, ಗಂಡಸರು ಹಾಕಿಕೊಳ್ಳುವ ಹಾಗೆ ತನ್ನ ಹೆಗಲ ಮೇಲೆ ಹಾಕಿಕೊಂಡಳು. ನನ್ನ ಭುಜ ಹಿಡಿದು ಎಬ್ಬಿಸಿದಳು. "ಕೂಡವ್ವ ಅಲ್ಲಿ. ಭಾಲ್ಕಿತನಕ ನಿಂತು ಹೋಗಬ್ಯಾಡ, ಕಾಲು ನೋಯ್ತಾವ."

ಅವಳು ಮೆಟ್ಟಿಲು ಇಳಿದಳು. ಕಡ್ಡಿಯಂಥ ಹೆಂಗಸು, ಒಂದು ಮಣ ಜೋಳದಷ್ಟೂ ತೂಕವಿರಲಿಕ್ಕಿಲ್ಲ. ಆದರೆ ಅವಳು ಇಳಿದಾಗ ಬಸ್ಸು ಆ ಮಗ್ಗುಲಿಗೆ ಎರಡು ಸಲ ವಾಲಿ ಎರಡು ಸಲ ಎದ್ದಿತು. ಬಾಬುಮಿಯಾ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನು ತಲೆ ಎಣಿಸಲು ಹೋಗಲಿಲ್ಲ.

ನಾನು ಕಿಟಕಿಯ ಜಾಗದಲ್ಲಿ ಕೂತೆ. ಕುಶನೂರಿನಿಂದ ಅಲ್ಲಿ ಯಾರೂ ಕೂತಿರಲಿಲ್ಲ, ಒಂದು ವಸ್ತ್ರ ಬಿಟ್ಟರೆ. ರೆಕ್ಸಿನ್ ಒಣಗಿತ್ತು. ಒಣಗಿದ್ದಷ್ಟೇ ಅಲ್ಲ, ಈಗಷ್ಟೇ ಯಾರೋ ಎದ್ದು ಹೋದ ಹಾಗೆ ಬೆಚ್ಚಗಿತ್ತು. ಭಾಲ್ಕಿ ಬರುವವರೆಗೂ ಆ ಬಿಸಿ ಆರಲಿಲ್ಲ. ನಾನು ಏಳಲಿಲ್ಲ, ಏಳುವ ಹಕ್ಕು ನನಗಿಲ್ಲ ಅನ್ನಿಸಿತು.

ವಾರದೊಳಗೆ ಹಳ್ಳದ ದಂಡೆ ಖಾಲಿಯಾಗಿತ್ತು. ಕಾಶಮ್ಮ ದಿನಕರ್ಮ ಮುಗಿಸಿ, ಬಳೆ ತೆಗೆದು, ಹಿಂಡು ಹೊಡೆದುಕೊಂಡು ಹೋದಳೆಂದು ಬಾಬುಮಿಯಾ ಹೇಳಿದ. ಯಾವ ಸೀಮೆಗೆ ಎಂದು ಕೇಳಲಿಲ್ಲ. ಮುಂದಿನ ವರ್ಷ ನನಗೆ ಬೀದರಿಗೆ ವರ್ಗವಾಯಿತು.

"ಕಿಸ್ಕಾ ಹೈ ಯೇ ಗಮ್ಛಾ?"

ಅದು ಯಾರದೆಂದು ಕೇಳುತ್ತ ವಂಡೂರಿನ ಬಸ್ಸಿನ ಕಂಡಕ್ಟರ್ ನಮ್ಮ ಸೀಟಿನ ಹತ್ತಿರ ನಿಂತಿದ್ದ. ಬಸ್ಸು ಗಿಜಿಗುಡುತ್ತಿತ್ತು, ಮಳೆ ಕಿಟಕಿಗೆ ಬಡಿಯುತ್ತಿತ್ತು. ಯಾರೂ ಉತ್ತರ ಕೊಡಲಿಲ್ಲ. ಅವನು ಇನ್ನೊಮ್ಮೆ ಕೇಳಿದ. ಆಮೇಲೆ ಭುಜ ಹಾರಿಸಿ ಗಂಟೆಯ ಹಗ್ಗಕ್ಕೆ ಕೈ ಹಾಕಿದ.

"ನಿಂದರಸ್ರಿ!" ಎಂದೆ. ಬಾಯಿಗೆ ಹಿಂದಿ ಬರಲಿಲ್ಲ, ನಮ್ಮ ಊರಿನ ಮಾತೇ ಬಂತು. "ಬರ್ತಾರ. ವಸ್ತ್ರ ಒಳಗದ, ಕಾಣಲ್ಲೇನು? ನಿಂದರಸ್ರಿ!"

ಇಡೀ ಬಸ್ಸು ನನ್ನ ಕಡೆ ತಿರುಗಿತು. ಪ್ರಕಾಶನ ಕಿವಿ ಕೆಂಪಾದವು. "ಯಾರು ಬರ್ತಾರ ಸುಜಾತಾ? ಯಾರ್ದಂತ ನಿನಗೇನ್ ಗೊತ್ತು?"

ನನಗೆ ಗೊತ್ತಿರಲಿಲ್ಲ. ನಾನು ಎದ್ದು ಹಗ್ಗದ ಮೇಲಿದ್ದ ಕಂಡಕ್ಟರನ ಕೈಯನ್ನೇ ಹಿಡಿದುಕೊಂಡೆ. ಅವನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ, ಆದರೆ ಎಳೆಯಲಿಲ್ಲ. ಬಾಗಿಲು ತೆರೆದೇ ಇತ್ತು. ಎಲ್ಲರೂ ಆ ಬಾಗಿಲು ನೋಡುತ್ತಿದ್ದರು. ಎಷ್ಟು ಹೊತ್ತಾಯಿತೋ. ಕೊನೆಗೆ ಬಸ್ಸು ಬಾಗಿಲಿನ ಮಗ್ಗುಲಿಗೆ ಮೆಲ್ಲಗೆ ವಾಲಿತು.

ಒಬ್ಬ ಮುದುಕ. ತಲೆಯಿಂದ ನೀರು ಸುರಿಯುತ್ತಿತ್ತು, ಕಂಕುಳಲ್ಲಿ ಔಷಧಿ ಅಂಗಡಿಯ ಕಾಗದದ ಪೊಟ್ಟಣ. ನಾನು ಕಂಡಕ್ಟರನ ಕೈ ಬಿಟ್ಟು ಕಿಟಕಿಗೆ ಕೂತೆ. ಮುದುಕ ಯಾರನ್ನೂ ನೋಡದೆ ಬಂದು, ಗಮ್ಛಾ ಎತ್ತಿ ಮುಖ ಒರೆಸಿಕೊಂಡು ನನ್ನ ಪಕ್ಕ ಕೂತ. ಬಸ್ಸು ತನಗಾಗಿ ನಿಂತದ್ದು ಅವನಿಗೆ ವಿಶೇಷವಾಗಿ ಕಾಣಲಿಲ್ಲ. ಯಾಕೆ ಕಾಣಬೇಕು?

ಕಂಡಕ್ಟರ್ ಗಂಟೆ ಬಾರಿಸಿದ. ಬಸ್ಸು ಕದಲಿದಾಗ ನಾನು ಮಳೆಗೆ ತಲೆ ಹೊರಗೆ ಹಾಕಿ ಹಿಂದಕ್ಕೆ ನೋಡಿದೆ. ತಿರುವು ದಾಟುವವರೆಗೂ ನೋಡಿದೆ. ಸ್ಟ್ಯಾಂಡಿನಲ್ಲಿ ಕೈ ಎತ್ತಿ ನಿಂತವರು ಯಾರೂ ಇರಲಿಲ್ಲ.